ಮುದ್ದಣ–ಮನೋರಮೆಯರ ಸಂಜೆ: ದಾಂಪತ್ಯದಲ್ಲಿ ನಿಯತ ಸಲ್ಲಾಪದ ಸ್ಥಾನ

೧

ಮದುವೆಯಾಗಿ ಕೆಲವು ವರ್ಷ ಕಳೆದ ದಂಪತಿಗಳು ತಮ್ಮ ಅನುರಾಗ ಬಾಡದಂತೆ ನೋಡಿಕೊಳ್ಳಬೇಕಾದರೆ ವಾರಕ್ಕೆ ಒಂದು ಸಂಜೆಯನ್ನಾದರೂ ಪರಸ್ಪರರಿಗಾಗಿ ಮೀಸಲಿಡಬೇಕೆಂಬ ಹಿತವಚನ ಇಂದು ಎಲ್ಲೆಡೆಯೂ ಕೇಳಿಬರುತ್ತಿದೆ. ಪ್ರಣಯಿಗಳು ಮದುವೆಗೆ ಮುನ್ನ ಸ್ಥಳವನ್ನೂ ಹೊತ್ತನ್ನೂ ಗೊತ್ತುಮಾಡಿಕೊಂಡು ಕಲೆಯುವಂತೆ ಮದುವೆಯ ಅನಂತರವೂ ಗೊತ್ತುಮಾಡಿಕೊಂಡು ಕಲೆಯಬೇಕು ಎಂಬುದು ಅದರ ತಿರುಳು. ಒಂದೇ ಮನೆಯಲ್ಲಿ ಬಾಳುವವರು ಭೇಟಿಗೆ ಹೊತ್ತು ಗೊತ್ತುಮಾಡುವುದೆಂದರೇನು ಎಂದು ನಗುವವರೂ ಇದ್ದಾರೆ. ಇದು ಪರದೇಶದ ರೂಢಿ, ನಮ್ಮ ಬಾಳಿಗೂ ಸಾಹಿತ್ಯಕ್ಕೂ ಹೊರಗಿನದು ಎನ್ನುವವರೂ ಇದ್ದಾರೆ. ಹೊರಗಿನದೆಂಬ ಮಾತನ್ನು ಸಾಹಿತ್ಯಚರಿತ್ರೆ ಒಪ್ಪುವುದಿಲ್ಲ. ದಂಪತಿಗಳ ನಿಯತವಾದ ಏಕಾಂತದ ಹೊತ್ತು ಅನುರಾಗವನ್ನು ಕಾಯಬಲ್ಲುದೇ ಎಂಬ ಪ್ರಶ್ನೆಯನ್ನು ನಮ್ಮ ಕವಿಗಳು ಬಹುಕಾಲದಿಂದ ಎತ್ತಿಕೊಂಡಿದ್ದಾರೆ. ಹೊಸಗನ್ನಡದ ಮುಂಬೆಳಗಿನಲ್ಲಿ ಅದನ್ನು ಎತ್ತಿಕೊಂಡವನು ಮುದ್ದಣ.

ಶ್ರೀರಾಮಾಶ್ವಮೇಧದಲ್ಲಿ ಬರುವ ಮುದ್ದಣ–ಮನೋರಮೆಯರ ಸಲ್ಲಾಪವನ್ನು ಅರಿಯದ ಕನ್ನಡ ವಿದ್ಯಾರ್ಥಿ ಅಪರೂಪ. ಆದರೆ ಅದನ್ನು ಓದುವ ಬಗೆ ಬಹುಮಟ್ಟಿಗೆ ಎರಡು ಜಾಡುಗಳಲ್ಲಿ ಸಾಗಿದೆ. ಗದ್ಯಶೈಲಿಯ ದೃಷ್ಟಿಯಿಂದ ನೋಡುವವರು ಅಲ್ಲಿ ಹಳಗನ್ನಡದ ಕೊನೆಯ ಮಿನುಗನ್ನೂ ಹೊಸ ಗದ್ಯದ ಮೊದಲ ಹೊಳಪನ್ನೂ ಕಾಣುತ್ತಾರೆ. ರಸದೃಷ್ಟಿಯಿಂದ ನೋಡುವವರು ಅದನ್ನು ಪುರಾಣಕಥೆಯ ನಡುವೆ ಓದುಗನಿಗೆ ದೊರೆಯುವ ಹಾಸ್ಯದ ವಿಶ್ರಾಂತಿಯೆಂದು ಮೆಚ್ಚುತ್ತಾರೆ. ಎರಡೂ ಸರಿಯೆ. ಎರಡರಲ್ಲಿಯೂ ಸಲ್ಲಾಪ ಒಂದು ಕಡೆ, ಸೀತಾರಾಮರ ಕಥೆ ಇನ್ನೊಂದು ಕಡೆ ಉಳಿಯುತ್ತವೆ. ಇವೆರಡನ್ನೂ ಒಟ್ಟಿಗೆ ಇಟ್ಟು ಓದಿದಲ್ಲಿ ದಾಂಪತ್ಯವನ್ನು ಕುರಿತ ಒಂದು ಗಂಭೀರವಾದ ವಿಚಾರ ಹೊರಪಡುತ್ತದೆಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮುದ್ದಣನೆಂಬ ಹೆಸರಿನಿಂದ ಪ್ರಸಿದ್ಧನಾದ ನಂದಳಿಕೆ ಲಕ್ಷ್ಮೀನಾರಣಪ್ಪ ೧೮೭೦ರಲ್ಲಿ ಹುಟ್ಟಿ ೧೯೦೧ರಲ್ಲಿ, ತನ್ನ ಮೂವತ್ತೊಂದನೆಯ ವಯಸ್ಸಿನಲ್ಲಿ, ಕ್ಷಯರೋಗದಿಂದ ತೀರಿಕೊಂಡ. ಉಡುಪಿಯ ಶಾಲೆಯಲ್ಲಿ ವ್ಯಾಯಾಮದ ಉಪಾಧ್ಯಾಯನಾಗಿದ್ದ ಈತ ಯಕ್ಷಗಾನ ಪ್ರಸಂಗಗಳನ್ನಲ್ಲದೆ ಮೂರು ರಾಮಕಥಾಗ್ರಂಥಗಳನ್ನು ಬರೆದ. ಅದ್ಭುತರಾಮಾಯಣವೂ ಶ್ರೀರಾಮಾಶ್ವಮೇಧವೂ ಗದ್ಯ. ಶ್ರೀರಾಮಪಟ್ಟಾಭಿಷೇಕ ವಾರ್ಧಕ ಷಟ್ಪದಿ. ಇವನ್ನು ಆತ ಯಾವನೋ ಪೂರ್ವಕವಿಯ ಕೃತಿಗಳೆಂಬಂತೆ ತನ್ನ ಕರ್ತೃತ್ವವನ್ನು ಮರೆಮಾಡಿ ಮೈಸೂರಿಗೆ ಪ್ರಕಟಣೆಗಾಗಿ ಕಳುಹಿಸಿದ ಸಂಗತಿ ಸುಪರಿಚಿತ.

ಸಲ್ಲಾಪದ ಸನ್ನಿವೇಶ ಸರಳವಾದುದು. ಮಳೆಗಾಲ; ಹೊರಗೆ ಕಾಲಿಡುವಂತಿಲ್ಲ; ಹೊತ್ತು ಹೋಗುವುದಿಲ್ಲ. ಅರಮನೆಯಿಂದ ಮರಳಿದ ಗಂಡನನ್ನು ಮಡದಿ ಎದುರ್ಗೊಂಡು ಉಪಚರಿಸುತ್ತಾಳೆ. ಬಳಿಕ ಇಬ್ಬರೂ ಜೊತೆಯಾಗಿ ಕುಳಿತಾಗ ಬೇಸರ ಕಳೆಯುವಂಥ ಕಥೆಯೊಂದನ್ನು ಹೇಳಬೇಕೆಂದು ಆಕೆ ಕೇಳುತ್ತಾಳೆ. ಆತ ಯಾವ ಕಥೆಯೆಂದು ವಿಚಾರಿಸುತ್ತಾನೆ. ಆಕೆ ಕೆಲವನ್ನು ತಳ್ಳಿ ಒಂದನ್ನು ಆರಿಸುತ್ತಾಳೆ. ಪದ್ಯವೋ ಗದ್ಯವೋ ಎಂಬ ಪ್ರಶ್ನೆಗೆ ಪದ್ಯ ಬೇಡ, ಗದ್ಯವೇ ಆಗಲಿ ಎಂಬ ತೀರ್ಪು ಆಕೆಯದು. ಆತ ಸಂಸ್ಕೃತಸಮಾಸಗಳ ಭಾರದಿಂದ ಗಂಭೀರವಾಗಿ ಪ್ರಾರಂಭಿಸಿದಾಗ ಆಕೆ ತಡೆಯುತ್ತಾಳೆ. ತಿರುಳ್ಗನ್ನಡದಲ್ಲಿ ಹೇಳು, ಸಂಸ್ಕೃತ ಬೇಕಾದಲ್ಲಿ ಅಂದವಾಗುವಷ್ಟು ಮಾತ್ರ ಬರಲಿ ಎಂಬ ಕಟ್ಟಳೆಯನ್ನು ಹಾಕುತ್ತಾಳೆ. ಆತ ಒಪ್ಪಿ ದಾರಿ ಬದಲಿಸುತ್ತಾನೆ.

ಈ ಸನ್ನಿವೇಶದಲ್ಲಿ ಮೂರು ಅಂಶಗಳು ಗಮನಾರ್ಹವಾಗಿವೆ. ಮೊದಲನೆಯದು, ಹೊತ್ತು. ಮಳೆಗಾಲದ ಬೇಸರವೆಂದರೆ ಒಂದು ಸಂಜೆಯ ಬೇಸರವಲ್ಲ. ಅಶ್ವಮೇಧದ ಕಥೆಯೂ ಒಂದೇ ಕುಳಿತದಲ್ಲಿ ಮುಗಿಯುವಂಥದಲ್ಲ. ಕಥೆ ಮುಂದುವರಿಯಬೇಕಾದರೆ ಇಬ್ಬರೂ ಮರಳಿ ಮರಳಿ ಜೊತೆಯಾಗಿ ಕುಳಿತುಕೊಳ್ಳಬೇಕಾಗುತ್ತದೆ. ಎರಡನೆಯದು, ಸ್ಥಳ. ಇವರು ಎಲ್ಲಿಗೂ ಹೋಗುವುದಿಲ್ಲ. ಉದ್ಯಾನ, ಜಲಕ್ರೀಡೆ, ವನವಿಹಾರಗಳೆಂಬ ಅಷ್ಟಾದಶವರ್ಣನೆಗಳ ರಂಗಸ್ಥಲಗಳನ್ನು ಬಿಟ್ಟು ಕವಿ ಶೃಂಗಾರವನ್ನು ಮನೆಯೊಳಗಣ ಜಗಲಿಗೆ ತಂದು ಕೂರಿಸಿದ್ದಾನೆ. ಮೂರನೆಯದೂ ಮುಖ್ಯವಾದುದೂ ಆದದ್ದು, ತಡೆಯುವ ಅಧಿಕಾರ. ಕೇಳುವವಳಿಗೆ ಕಥೆಯನ್ನು ಆರಿಸುವ, ರೂಪವನ್ನು ನಿರ್ಧರಿಸುವ, ನಡುವೆ ನಿಲ್ಲಿಸುವ ಹಕ್ಕುಂಟು. ಪುರಾಣಶ್ರವಣದಲ್ಲಿ ಶ್ರೋತೃವಿಗೆ ಇಷ್ಟು ಹಕ್ಕು ಇರುವುದಿಲ್ಲ. ಪದ್ಮಪುರಾಣದ ಪಾತಾಳಖಂಡದಲ್ಲಿ ಇದೇ ರಾಮಾಶ್ವಮೇಧವನ್ನು ಆದಿಶೇಷ ವಾತ್ಸ್ಯಾಯನ ಮುನಿಗೆ ಹೇಳುತ್ತಾನೆ. ಅಲ್ಲಿ ಮುನಿ ಭಕ್ತಿಯಿಂದ ಮುಂದಿನ ಕಥೆಯನ್ನು ಬೇಡುತ್ತಾನೆ. ಹೇಳುವವನ ಭಾಷೆ ಗಂಟಲಲ್ಲಿ ಇಳಿಯದೆಂದು ದೂರುವುದಿಲ್ಲ. ಶೇಷ–ವಾತ್ಸ್ಯಾಯನರ ಚೌಕಟ್ಟಿಗೆ ಪ್ರತಿಯಾಗಿ ಗಂಡಹೆಂಡಿರ ಚೌಕಟ್ಟನ್ನು ಕಟ್ಟಿದ್ದು ಮುದ್ದಣನ ಸ್ವತಂತ್ರವಾದ ನಿರ್ಧಾರ. ಆ ನಿರ್ಧಾರಕ್ಕೆ ಅರ್ಥವಿದೆಯೆಂದು ಭಾವಿಸಿಯೇ ನಾವು ಮುಂದುವರಿಯುತ್ತೇವೆ.

೩

ಪ್ರಿಯೆಗೆ ಪ್ರಿಯನು ಕಥೆ ಹೇಳುವ ಚೌಕಟ್ಟಿಗೆ ಪೂರ್ವಪರಂಪರೆಯಿಲ್ಲದಿಲ್ಲ. ಎರಡನ್ನು ಮಾತ್ರ ಇಲ್ಲಿ ನೆನೆಯಬಹುದು.

ಸೋಮದೇವನ ಕಥಾಸರಿತ್ಸಾಗರದ ಆದಿಯಲ್ಲಿ ಪಾರ್ವತಿ ಶಿವನನ್ನು ಹೊಸ ಕಥೆಯೊಂದನ್ನು ಹೇಳೆಂದು ಕೇಳುತ್ತಾಳೆ. ಶಿವನು ಏಕಾಂತದಲ್ಲಿ ಹೇಳುತ್ತಾನೆ. ಗಣನಾದ ಪುಷ್ಪದಂತ ಕದ್ದು ಕೇಳಿ ಅದನ್ನು ತನ್ನ ಹೆಂಡತಿ ಜಯೆಗೆ ಹೇಳುತ್ತಾನೆ. ಜಯೆ ಅದನ್ನೇ ಪಾರ್ವತಿಯ ಮುಂದೆ ಹೇಳುತ್ತಾಳೆ. ಇತರರಿಗೂ ಗೊತ್ತಿರುವ ಹಳೆಯ ಕಥೆಯನ್ನು ತನಗೆ ಹೇಳಿದನೆಂದು ಪಾರ್ವತಿ ಶಿವನ ಮೇಲೆ ಮುನಿಯುತ್ತಾಳೆ. ನಿಜ ತಿಳಿದ ಬಳಿಕ ಪುಷ್ಪದಂತನನ್ನು ಶಪಿಸುತ್ತಾಳೆ. ಬೃಹತ್ಕಥೆ ಭೂಲೋಕಕ್ಕೆ ಇಳಿದುದು ಈ ಶಾಪದ ಫಲ. ಇಲ್ಲಿ ಪಾರ್ವತಿಯ ನೋವಿನ ಮೂಲ ಕಥೆಯ ಗುಣದೋಷವಲ್ಲ. ತನಗಾಗಿಯೇ ಮೀಸಲಾದ ಹೊತ್ತು ತನ್ನದಾಗಿ ಉಳಿಯಲಿಲ್ಲವೆಂಬುದು ಆ ನೋವಿನ ಮೂಲ. ದಾಂಪತ್ಯದ ಏಕಾಂತಕ್ಕೆ ಒಂದು ಬೇಲಿ ಬೇಕೆಂಬ ಅರಿವನ್ನು ಇಷ್ಟು ಸ್ಫುಟವಾಗಿ ಹೇಳಿದ ಕಥೆ ವಿರಳ.

ಎರಡನೆಯದು ಕುತೂಹಲನೆಂಬ ಕವಿಯ ಪ್ರಾಕೃತ ಕಾವ್ಯ ಲೀಲಾವತಿ. ಬೆಳಗಾವಿ ಜಿಲ್ಲೆಯ ಸದಲಗದವರಾದ ವಿದ್ವಾಂಸ ಆ. ನೇ. ಉಪಾಧ್ಯೆಯವರು ಇದನ್ನು ಸಂಪಾದಿಸಿ ೧೯೪೯ರಲ್ಲಿ ಪ್ರಕಟಿಸಿದರು. ಅದರಲ್ಲಿ ಶರತ್ಕಾಲದ ಬೆಳದಿಂಗಳಿರುಳಿನಲ್ಲಿ ಕವಿಯ ಪ್ರಿಯೆ ಕಥೆಯೊಂದನ್ನು ಕೇಳುತ್ತಾಳೆ. ತನಗೆ ವ್ಯಾಕರಣ ಬಾರದೆಂದು ಕವಿ ಹಿಂಜರಿದಾಗ ಆಕೆ ಆ ಆಕ್ಷೇಪವನ್ನು ತಳ್ಳಿಹಾಕುತ್ತಾಳೆ. ಎದೆಗೆ ಮುಟ್ಟುವ ಮಾತು ಸಾಕೆನ್ನುತ್ತಾಳೆ. ಮನೋರಮೆಗೂ ಈಕೆಗೂ ಇರುವ ಹೋಲಿಕೆ ಎದ್ದು ಕಾಣುವಂಥದು. ಆದರೆ ಮುದ್ದಣನ ಕಾಲಕ್ಕೆ ಆ ಕಾವ್ಯ ಅಚ್ಚಾಗಿರಲಿಲ್ಲವಾದ್ದರಿಂದ ಋಣದ ಮಾತನ್ನು ಆಡಲಾಗದು. ಪಂಡಿತರ ಭಾಷೆಗೂ ಮನೆಯ ಭಾಷೆಗೂ ಅಂತರ ಬೆಳೆದಾಗಲೆಲ್ಲ ಮನೆಯ ಭಾಷೆಯ ಪರವಾಗಿ ಹೆಂಡತಿ ಮಾತಾಡುವಂತೆ ಮಾಡುವುದು ಕವಿಗಳಿಗೆ ಸಹಜವಾಗಿ ಹೊಳೆದ ಉಪಾಯವೆಂದಷ್ಟೇ ಹೇಳಬಹುದು.

ಈ ಎರಡರಲ್ಲಿಯೂ ಒಳಗಿನ ಕಥೆಗೂ ಹೊರಗಿನ ದಾಂಪತ್ಯಕ್ಕೂ ಗಾಢವಾದ ಸಂಬಂಧವಿಲ್ಲ. ಲೀಲಾವತಿಯಲ್ಲಿ ಒಳಗಿನದು ಸಾತವಾಹನ ರಾಜನ ಪ್ರಣಯಕಥೆ. ಬೇರೊಂದು ಪ್ರಣಯಕಥೆಯನ್ನು ಅಲ್ಲಿಟ್ಟರೂ ಚೌಕಟ್ಟಿಗೆ ಕುಂದು ಬಾರದು. ಮುದ್ದಣನಲ್ಲಿ ಹಾಗಲ್ಲ. ಗಂಡನು ಹೆಂಡತಿಗೆ ಹೇಳುತ್ತಿರುವುದು, ಗಂಡನಿಂದ ತ್ಯಕ್ತಳಾದ ಹೆಂಡತಿಯೊಬ್ಬಳು ಹಿನ್ನೆಲೆಯಲ್ಲಿ ಸದಾ ನಿಂತಿರುವ ಕಥೆ.

೪

ಸೀತಾಪರಿತ್ಯಾಗದ ಪ್ರಸಂಗವನ್ನು ವಾಲ್ಮೀಕಿಯ ಉತ್ತರಕಾಂಡ ಹೇಗೆ ನಿರೂಪಿಸುತ್ತದೆಂಬುದನ್ನು ಈ ದೃಷ್ಟಿಯಿಂದ ಪರಿಶೀಲಿಸಬೇಕು. ರಾಮನ ರಾಜ್ಯಭಾರದ ದಿನಚರಿಯನ್ನು ಅಲ್ಲಿ ಸ್ಪಷ್ಟವಾಗಿ ಹೇಳಿದೆ. ಪೂರ್ವಾಹ್ಣದಲ್ಲಿ ಆತ ಧರ್ಮಕಾರ್ಯಗಳನ್ನು ಮುಗಿಸಿ ದಿನದ ಉಳಿದರ್ಧವನ್ನು ಅಂತಃಪುರದಲ್ಲಿ ಕಳೆಯುತ್ತಿದ್ದ. ಸೀತೆಯೂ ಪೂರ್ವಾಹ್ಣದ ದೇವಕಾರ್ಯಗಳನ್ನೂ ಅತ್ತೆಯರೆಲ್ಲರ ಸೇವೆಯನ್ನೂ ಮುಗಿಸಿಕೊಂಡು ಅಲಂಕರಿಸಿಕೊಂಡು ಅವನ ಬಳಿಗೆ ಬರುತ್ತಿದ್ದಳು. ಅಶೋಕವನಿಕೆಯಲ್ಲಿ ಗೀತನೃತ್ಯಗಳ ನಡುವೆ ಇಬ್ಬರೂ ಕಾಲ ಕಳೆಯುತ್ತಿದ್ದರು. ಇಂದಿನ ಹಿತವಚನ ವಾರಕ್ಕೊಂದು ಸಂಜೆಯನ್ನು ಬೇಡುತ್ತದೆ. ಇಲ್ಲಿ ಪ್ರತಿದಿನವೂ ಅರ್ಧದಿನ ಮೀಸಲಾಗಿತ್ತು. ನಿಯಮಕ್ಕಾಗಲಿ ಸ್ಥಳದ ಸೊಗಸಿಗಾಗಲಿ ಯಾವ ಕೊರತೆಯೂ ಇರಲಿಲ್ಲ.

ಇಂಥ ಒಂದು ಭೇಟಿಯಲ್ಲಿಯೇ ರಾಮನು ಗರ್ಭಿಣಿಯಾದ ಸೀತೆಯ ಬಯಕೆಯೇನೆಂದು ಕೇಳುತ್ತಾನೆ. ಆಕೆ ಗಂಗಾತೀರದ ತಪೋವನಗಳನ್ನು ನೋಡಬೇಕೆನ್ನುತ್ತಾಳೆ. ಅಲ್ಲಿಂದ ಎದ್ದುಹೋದ ರಾಮನಿಗೆ ಸಭೆಯಲ್ಲಿ ಭದ್ರನಿಂದ ಪುರಜನರ ಅಪವಾದದ ಸುದ್ದಿ ತಿಳಿಯುತ್ತದೆ. ಆತ ತಮ್ಮಂದಿರನ್ನು ಕರೆಸಿ ನಿರ್ಧಾರವನ್ನು ಹೇಳುತ್ತಾನೆ. ಯಾರೂ ಎದುರುತ್ತರ ಕೊಡಕೂಡದೆಂದು ಆಜ್ಞಾಪಿಸುತ್ತಾನೆ. ಸೀತೆಯೊಡನೆ ಮಾತ್ರ ಮಾತನಾಡುವುದಿಲ್ಲ. ಮರುದಿನ ಬೆಳಗ್ಗೆ ಆಕೆ ತನ್ನ ಬಯಕೆ ಈಡೇರಿತೆಂಬ ಸಂತೋಷದಿಂದ ಲಕ್ಷ್ಮಣನ ರಥವನ್ನೇರುತ್ತಾಳೆ. ಗಂಗೆಯನ್ನು ದಾಟಿದ ಮೇಲೆಯೇ ನಿಜ ತಿಳಿಯುವುದು. ಹಿಂದಿನ ದಿನದ ಸಲ್ಲಾಪದಲ್ಲಿ ಆಕೆ ಆಡಿದ ಮಾತೇ ಆಕೆಯನ್ನು ಕಾಡಿಗೊಯ್ಯುವ ನೆಪವಾಯಿತೆಂಬುದು ಈ ಪ್ರಸಂಗದ ದಾರುಣವಾದ ಅಂಶ.

ಭವಭೂತಿ ಇದನ್ನು ಇನ್ನೂ ಸೂಕ್ಷ್ಮಗೊಳಿಸಿದ್ದಾನೆ. ಉತ್ತರರಾಮಚರಿತದ ಮೊದಲ ಅಂಕದಲ್ಲಿ ರಾಮ, ಸೀತೆ, ಲಕ್ಷ್ಮಣರು ತಮ್ಮ ಗತಜೀವನದ ಚಿತ್ರಗಳನ್ನು ನೋಡುತ್ತಾರೆ. ಗೋದಾವರಿಯ ತೀರದಲ್ಲಿ ಇಬ್ಬರೂ ಮಾತಿನಲ್ಲಿ ಕಳೆದ ಇರುಳುಗಳನ್ನು ರಾಮ ನೆನೆಯುತ್ತಾನೆ. ದಾಂಪತ್ಯದ ಸ್ನೇಹವನ್ನು ಹೊಸದಾಗಿಸುವುದಕ್ಕೆ ಒಟ್ಟಿಗೆ ಕಳೆದ ದಿನಗಳ ಸ್ಮರಣೆಗಿಂತ ಮೇಲಾದ ಸಾಧನವಿಲ್ಲ. ಆದರೆ ದಣಿದ ಸೀತೆ ರಾಮನ ತೋಳ ಮೇಲೆ ನಿದ್ದೆಹೋದಾಗ ದುರ್ಮುಖ ಬಂದು ಅಪವಾದವನ್ನು ತಿಳಿಸುತ್ತಾನೆ. ಆಕೆ ನಿದ್ರಿಸುತ್ತಿರುವಂತೆಯೇ ಆಕೆಯ ಭವಿಷ್ಯ ನಿರ್ಣಯವಾಗುತ್ತದೆ. ಅನುರಾಗ ಅದರ ಅತ್ಯುನ್ನತ ಸ್ಥಿತಿಯಲ್ಲಿದ್ದಾಗಲೂ ಮಾತು ನಿಂತೊಡನೆ ಏನಾಗಬಹುದೆಂಬುದಕ್ಕೆ ಇದಕ್ಕಿಂತ ಮಿಗಿಲಾದ ಚಿತ್ರವಿಲ್ಲ.

ಅಶ್ವಮೇಧಕ್ಕೆ ಪತ್ನಿ ಬೇಕು. ಉತ್ತರಕಾಂಡದಲ್ಲಿ ರಾಮನು ಬೇರೆ ಮದುವೆಯಾಗದೆ ಸೀತೆಯ ಕಾಂಚನಪ್ರತಿಮೆಯನ್ನು ಯಜ್ಞದಲ್ಲಿ ಬಳಿಯಿರಿಸಿಕೊಳ್ಳುತ್ತಾನೆ. ಇದು ಏಕಪತ್ನೀವ್ರತದ ಪರಮನಿದರ್ಶನವೆಂದು ಕೀರ್ತಿತವಾಗಿದೆ. ಆ ಕೀರ್ತಿಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ಪ್ರತಿಮೆಯ ಸ್ವರೂಪವನ್ನು ಗಮನಿಸಬೇಕು. ಅದು ಹೊತ್ತಿಗೆ ಸರಿಯಾಗಿ ಸ್ಥಾನದಲ್ಲಿರುತ್ತದೆ, ಅಲಂಕೃತವಾಗಿರುತ್ತದೆ, ಎಂದೂ ಎದುರಾಡುವುದಿಲ್ಲ. ನಿಷ್ಠೆ ಉಳಿದು ಸಂವಾದ ಅಳಿದ ದಾಂಪತ್ಯದ ರೂಪ ಅದು.

೫

ಈಗ ಮನೋರಮೆಯ ಬಳಿಗೆ ಮರಳಬಹುದು. ಹೊನ್ನಿನ ಪ್ರತಿಮೆ ಮೌನವಾಗಿ ನಿಂತಿರುವ ಯಜ್ಞದ ಕಥೆಯನ್ನು ಕವಿ ಮೌನವಾಗಿರಲಾರದ ಒಬ್ಬ ಹೆಂಡತಿಗೆ ಹೇಳಿಸಿದ್ದಾನೆ. ಎದುರುತ್ತರವನ್ನು ನಿಷೇಧಿಸಿದ ಪತಿಯ ಕಥೆಯನ್ನು ಎದುರುತ್ತರವನ್ನು ಸಹಿಸಿ ತನ್ನ ಮಾತನ್ನೇ ತಿದ್ದಿಕೊಳ್ಳುವ ಪತಿಯ ಬಾಯಿಂದ ಹೇಳಿಸಿದ್ದಾನೆ. ಇದನ್ನು ಕೇವಲ ಆಕಸ್ಮಿಕವೆನ್ನುವುದು ಕಷ್ಟ. ಮುದ್ದಣ ರಾಮನನ್ನು ಎಲ್ಲಿಯೂ ಖಂಡಿಸಲು ಹೊರಟವನಲ್ಲ. ಆತ ಭಕ್ತನಾದ ಕವಿ, ಮೂರು ಬಾರಿ ರಾಮಕಥೆಯನ್ನೇ ಆರಿಸಿಕೊಂಡವನು. ಆದರೆ ಒಳಗಿನ ಕಥೆಯಲ್ಲಿ ಯಾವುದರ ಅಭಾವದಿಂದ ದುಃಖ ಹುಟ್ಟಿತೋ ಅದನ್ನೇ ಹೊರಗಿನ ಚೌಕಟ್ಟಿನಲ್ಲಿ ತುಂಬಿಟ್ಟಿದ್ದಾನೆ. ಆತನ ಮೊದಲ ಗದ್ಯಕೃತಿಯಾದ ಅದ್ಭುತರಾಮಾಯಣದ ವಸ್ತುವೂ ಇಲ್ಲಿ ನೆನಪಿಗೆ ಬರುತ್ತದೆ: ರಾಮನು ಮೂರ್ಛಿತನಾದಾಗ ಸೀತೆಯೇ ಸಹಸ್ರಕಂಠ ರಾವಣನನ್ನು ಕೊಲ್ಲುವ ಕಥೆಯದು. ಸುಮ್ಮನಿರದ ಸೀತೆ ಈ ಕವಿಯ ಮನಸ್ಸನ್ನು ಮೊದಲಿನಿಂದಲೂ ಸೆಳೆದಿದ್ದಳೆಂದು ಊಹಿಸಿದರೆ ತಪ್ಪಾಗದು.

ಹೀಗೆ ಓದಿದಾಗ ಮನೋರಮೆಯ ಹಾಸ್ಯಕ್ಕೆ ಹೊಸ ಬೆಲೆ ಬರುತ್ತದೆ. ಸಂಸ್ಕೃತದ ಭಾರವನ್ನು ಇಳಿಸೆಂದು ಆಕೆ ಕೇಳುವುದು ಶೈಲಿಯ ಚರ್ಚೆಯಷ್ಟೇ ಆಗಿ ಉಳಿಯುವುದಿಲ್ಲ. ನಿನ್ನ ಪಾಂಡಿತ್ಯವನ್ನು ಮೆಚ್ಚಿ ಸುಮ್ಮನಿರುವ ಸಭೆ ಅರಮನೆಯಲ್ಲಿದೆ, ನನ್ನೊಡನೆ ನನಗೆ ತಿಳಿಯುವಂತೆ ಮಾತನಾಡು ಎಂಬುದು ಅದರ ಧ್ವನಿ. ಗಂಡ ಅರಮನೆಯಿಂದ ಮನೆಗೆ ಬಂದನೆಂದು ಕವಿ ಹೇಳಿರುವುದರ ಔಚಿತ್ಯ ಇಲ್ಲಿದೆ. ದೇಹ ಮನೆಗೆ ಬಂದಿದೆ; ಮಾತು ಇನ್ನೂ ಅರಮನೆಯಲ್ಲಿದೆ. ಆ ಮಾತನ್ನು ಮನೆಗೆ ಕರೆತರುವುದು ಆ ಸಂಜೆಯ ಮೊದಲ ಕೆಲಸ. ಕೆಲಸದಿಂದ ಮರಳಿದ ಮೇಲೂ ಕೆಲಸದ ಭಾಷೆಯಲ್ಲಿಯೇ ಮನೆಯವರೊಡನೆ ವ್ಯವಹರಿಸುವ ಅಭ್ಯಾಸ ಉಪಾಧ್ಯಾಯವರ್ಗಕ್ಕೆ ಅಪರಿಚಿತವೇನಲ್ಲ!

೬

ಇಲ್ಲಿ ಎರಡು ಶಂಕೆಗಳು ಹುಟ್ಟಬಹುದು. ಮನೋರಮೆಯ ಮಾತುಗಳೆಲ್ಲ ಪುರುಷಕವಿಯೊಬ್ಬನು ಬರೆದವು. ಅವನ್ನು ಆ ಕಾಲದ ಸಂಸಾರದ ಚಿತ್ರವೆಂದು ಸ್ವೀಕರಿಸಬಹುದೇ ಎಂಬುದು ಮೊದಲನೆಯದು. ಸ್ವೀಕರಿಸಲಾಗದು. ಕವಿಯ ಪತ್ನಿಯ ಹೆಸರು ಕಮಲಾಬಾಯಿ. ಕವಿ ದುಡಿದದ್ದು ಅರಮನೆಯಲ್ಲಲ್ಲ, ಶಾಲೆಯಲ್ಲಿ. ಸಲ್ಲಾಪವನ್ನು ಆತ್ಮಕಥೆಯೆಂದು ಓದುವ ಪ್ರಲೋಭನೆಯನ್ನು ಚರಿತ್ರೆಯ ವಿದ್ಯಾರ್ಥಿ ತಡೆದುಕೊಳ್ಳಬೇಕು. ಆ ಕಾಲವಾದರೂ ಎಂಥದು? ಬ್ರಿಟಿಷ್ ಭಾರತದಲ್ಲಿ ವಿವಾಹಿತ ಬಾಲಿಕೆಯರಿಗೂ ಅನ್ವಯಿಸುವಂತೆ ಸಮ್ಮತಿಯ ವಯಸ್ಸನ್ನು ೧೦ರಿಂದ ೧೨ಕ್ಕೆ ಏರಿಸಿದ ಕಾಯಿದೆ ಬಂದುದು ೧೮೯೧ರಲ್ಲಿ; ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ತಡೆಯುವ ಶಾಸನ ಮೈಸೂರು ಸಂಸ್ಥಾನದಲ್ಲಿ ಬಂದುದು ೧೮೯೪ರಲ್ಲಿ. ಮುದ್ದಣನ ಜಿಲ್ಲೆಯಲ್ಲಿಯೇ, ಮಂಗಳೂರಿನಲ್ಲಿ, ೧೮೯೯ರಲ್ಲಿ ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ ಪ್ರಕಟವಾಯಿತು. ಎಳೆಯ ವಿಧವೆಯೊಬ್ಬಳು ವಿದ್ಯೆ ಕಲಿತು ಮರುಮದುವೆಯಾಗುವುದು ಅದರ ವಸ್ತು. ಹೆಂಡತಿ ಯಾರು, ಆಕೆಗೆ ಓದು ಸಲ್ಲುವುದೇ, ಆಕೆಯ ಸಮ್ಮತಿಗೆ ಬೆಲೆಯುಂಟೇ ಎಂಬ ವಾದಗಳು ಎದ್ದಿದ್ದ ದಶಕವದು. ಇಂದಿರಾಬಾಯಿ ಅದಕ್ಕೆ ಸುಧಾರಕನ ಉತ್ತರ ಕೊಟ್ಟಿತು. ಮುದ್ದಣ ಹಳೆಯ ಕವಿಯ ವೇಷದಲ್ಲಿ, ಹಳೆಯ ಭಾಷೆಯಲ್ಲಿ, ಓದಬಲ್ಲ, ಆರಿಸಬಲ್ಲ, ಬೇಡವೆನ್ನಬಲ್ಲ ಹೆಂಡತಿಯೊಬ್ಬಳನ್ನು ಕಲ್ಪಿಸಿದ. ಇದು ಇದ್ದುದರ ದಾಖಲೆಯಲ್ಲ, ಬಯಸಿದುದರ ದಾಖಲೆ, ಬಯಕೆಗಳಿಗೂ ಚರಿತ್ರೆಯುಂಟು.

ಎರಡನೆಯ ಶಂಕೆ ಇನ್ನೂ ಬಲವಾದುದು. ಆ ಸಂಜೆಯ ಬಿಡುವು ಯಾರ ದುಡಿಮೆಯಿಂದ ಒದಗಿತು? ಗಂಡ ಬರುವ ಹೊತ್ತಿಗೆ ಮನೆ ಸಜ್ಜಾಗಿದೆ, ಉಪಚಾರವೆಲ್ಲ ಆಕೆಯದು. ಸೀತೆಯೂ ಅತ್ತೆಯರ ಸೇವೆಯನ್ನು ಮುಗಿಸಿಯೇ ಅಶೋಕವನಿಕೆಗೆ ಬರಬೇಕಾಗಿತ್ತು. ಏಕಾಂತದ ಹೊತ್ತು ಇಬ್ಬರದು. ಅದನ್ನು ಅಣಿಗೊಳಿಸುವ ಹೊರೆ ಒಬ್ಬಳದು. ಈ ಅಸಮತೆಯನ್ನು ಮುದ್ದಣ ಪ್ರಶ್ನಿಸಲಿಲ್ಲ, ಇಂದಿನ ಹಿತವಚನವೂ ಅಷ್ಟಾಗಿ ಪ್ರಶ್ನಿಸುತ್ತಿಲ್ಲ. ಇಬ್ಬರೂ ಹೊರಗೆ ದುಡಿಯುವ ಮನೆಗಳಲ್ಲಿ ಆ ಒಂದು ಸಂಜೆಗಾಗಿ ಮಕ್ಕಳನ್ನು ಯಾರಿಗೆ ಒಪ್ಪಿಸಬೇಕು, ಅಡಿಗೆಯನ್ನು ಯಾವಾಗ ಮುಗಿಸಬೇಕು ಎಂಬ ಲೆಕ್ಕವೆಲ್ಲ ಹೆಂಡತಿಯ ತಲೆಯಲ್ಲಿಯೇ ನಡೆಯುವುದಾದರೆ ಆ ಸಂಜೆ ಆಕೆಯ ಪಾಲಿಗೆ ಇನ್ನೊಂದು ಕೆಲಸವಾಗುತ್ತದೆ. ಸಲ್ಲಾಪದ ಸೊಬಗನ್ನು ಹೊಗಳುವ ವಿಮರ್ಶೆ ಈ ಕೊರತೆಯನ್ನು ಮುಚ್ಚಬಾರದು.

೭

ಮೇಲಿನ ಚರ್ಚೆಯ ಫಲಿತಾಂಶವನ್ನು ಸಂಗ್ರಹಿಸಿ ಹೇಳಬಹುದು. ದಂಪತಿಗಳು ನಿಯತವಾಗಿ ಹೊತ್ತನ್ನು ಮೀಸಲಿಡಬೇಕೆಂಬುದು ನಮ್ಮ ಪರಂಪರೆಗೆ ಹೊಸತಲ್ಲ. ಅದಕ್ಕೆ ಬೇಲಿ ಬೇಕೆಂದು ಪಾರ್ವತಿಯ ಕಥೆ ಹೇಳುತ್ತದೆ. ನಿಯಮವೂ ಸೊಗಸೂ ಇದ್ದರೆ ಸಾಲದೆಂದು ಅಶೋಕವನಿಕೆಯ ಕಥೆ ಹೇಳುತ್ತದೆ. ಆ ಹೊತ್ತಿನಲ್ಲಿ ಅಹಿತವಾದ ಸುದ್ದಿಯನ್ನು ತೆರೆದಿಡುವುದಕ್ಕೂ, ಆಡುತ್ತಿರುವವರನ್ನು ತಡೆಯುವುದಕ್ಕೂ, ತಡೆದಾಗ ತಿದ್ದಿಕೊಳ್ಳುವುದಕ್ಕೂ ಅವಕಾಶವಿದ್ದರೆ ಮಾತ್ರ ಅದು ಅನುರಾಗವನ್ನು ಕಾಯುತ್ತದೆ ಎಂಬುದು ಮುದ್ದಣನ ಚೌಕಟ್ಟಿನಿಂದ ಹೊರಡುವ ಅರ್ಥ. ೧೯೪೨ರಲ್ಲಿ ಪ್ರಕಟವಾದ ಕೆ. ಎಸ್. ನರಸಿಂಹಸ್ವಾಮಿಯವರ ಮೈಸೂರು ಮಲ್ಲಿಗೆ ಕನ್ನಡದಲ್ಲಿ ದಾಂಪತ್ಯಪ್ರೇಮಕ್ಕೆ ವಿಶಾಲವಾದ ಓದುಗವರ್ಗವನ್ನು ಗಳಿಸಿಕೊಟ್ಟಿತು. ಅಲ್ಲಿ ತವರಿಗೆ ಹೋದವಳ ಅಗಲಿಕೆ, ಮಾವನ ಮನೆಗೆ ಬಂದ ರಾಯರ ಸಡಗರ ಮುಂತಾದ ಅಗಲುವ–ಕೂಡುವ ಗಳಿಗೆಗಳಲ್ಲಿ ಪ್ರೇಮ ಬೆಳಗುತ್ತದೆ. ಅಗಲದೆ ಒಂದೇ ಸೂರಿನಡಿ ದಿನದಿನವೂ ಕೂಡಿರುವವರ ಪ್ರೇಮ ಯಾವುದರಿಂದ ಬೆಳಗಬೇಕೆಂಬ ಇನ್ನೊಂದು ಪ್ರಶ್ನೆ ಮುದ್ದಣನದು.

ಕೊನೆಯಲ್ಲಿ ಬೋಧಕರಿಗೆ ಒಂದು ವಿನಂತಿ. ಸಲ್ಲಾಪದ ಭಾಗವನ್ನು ಕೃತಿಯಿಂದ ಬಿಡಿಸಿ ಪಠ್ಯದ ಪಾಠವಾಗಿ ಇಡುವುದು ನಮ್ಮಲ್ಲಿ ಬೇರೂರಿದ ರೂಢಿ. ಅದರಿಂದ ವಿದ್ಯಾರ್ಥಿಗೆ ಹಾಸ್ಯ ದೊರೆಯುತ್ತದೆ, ಕೆಲವು ಹಳಗನ್ನಡದ ಮಾತುಗಳು ದೊರೆಯುತ್ತವೆ. ಆ ಹಾಸ್ಯದ ಹಿಂದೆ ಯಾವ ಕಥೆ ಕಾದಿದೆಯೆಂಬುದು ಮಾತ್ರ ತಿಳಿಯುವುದಿಲ್ಲ. ಮನೋರಮೆ ಗಂಡನನ್ನು ತಡೆದು ನಗುವ ಪುಟವನ್ನು ಬೋಧಿಸುವಾಗ, ರಥವನ್ನೇರಿದ ಸೀತೆ ಏನನ್ನೂ ಕೇಳದೆ ಸಂತೋಷದಿಂದ ಹೊರಟ ಬೆಳಗನ್ನೂ ತರಗತಿಗೆ ನೆನಪಿಸಿದರೆ, ಮುದ್ದಣನು ಆ ನಗುವಿಗೆ ಎಷ್ಟು ಬೆಲೆ ಕಟ್ಟಿದ್ದನೆಂಬುದು ವಿದ್ಯಾರ್ಥಿಗಳಿಗೆ ತಾನಾಗಿಯೇ ವೇದ್ಯವಾದೀತು.